ವಿಜ್ಞಾನ ಮತ್ತು ಎಂಜಿನಿಯರಿಂಗ್ ವ್ಯಾಸಂಗದಲ್ಲಿರುವ ಮಹಿಳೆಯರಿಗೆ ವಿಶ್ವವಿದ್ಯಾಲಯದ ಸಿಬ್ಬಂದಿಯ ನೆರವು: ಅರ್ಜಿದಾರರಿಗೆ ಮಾಹಿತಿ

1. ಪೀಠಿಕೆ

ವಿಶ್ವವಿದ್ಯಾಲಯಗಳಲ್ಲಿ ಹಾಗೂ ಅವುಗಳಿಗೆ ಸಂಯೋಜಿತವಾದ ಕಾಲೇಜುಗಳಲ್ಲಿ ವಿಜ್ಞಾನ, ಎಂಜಿನಿಯರಿಂಗ್ ಮತ್ತು ತಂತ್ರಜ್ಞಾನ ವಿಷಯಗಳನ್ನು ಅಭ್ಯಾಸ ಮಾಡುತ್ತಿರುವ ವಿದ್ಯಾರ್ಥಿನಿಯರು ಮತ್ತು ಸಂಶೋಧನಾರ್ಥಿನಿಯರಿಗೆ ವಿದ್ಯಾರ್ಥಿವೇತನ, ಹೆರಿಗೆ ರಜೆ, ಸಂಶೋಧನಾ ಅವಧಿಯ ವಿಸ್ತರಣೆ, ಸುರಕ್ಷತೆ ಮತ್ತು ದೂರು ಪರಿಹಾರಕ್ಕೆ ಸಂಬಂಧಿಸಿದ ಹಲವು ಸೌಲಭ್ಯಗಳು ನಿಯಮಾನುಸಾರ ಲಭ್ಯವಿವೆ. ಈ ಪ್ರತಿಯೊಂದು ಸೌಲಭ್ಯವೂ ವಿಶ್ವವಿದ್ಯಾಲಯದ ಯಾವುದಾದರೂ ಒಬ್ಬ ಅಧಿಕಾರಿ, ಅಧ್ಯಾಪಕ ಅಥವಾ ಸಮಿತಿಯ ಮೂಲಕವೇ ಅರ್ಜಿದಾರರಿಗೆ ತಲುಪುತ್ತದೆ. ಯಾವ ಸೌಲಭ್ಯಕ್ಕೆ ಯಾರನ್ನು ಸಂಪರ್ಕಿಸಬೇಕು, ಯಾವ ಅವಧಿಯೊಳಗೆ ಅರ್ಜಿ ಸಲ್ಲಿಸಬೇಕು ಎಂಬ ತಿಳಿವಳಿಕೆ ಇಲ್ಲದ ಕಾರಣ ಅರ್ಹರು ಸಹ ಸೌಲಭ್ಯದಿಂದ ವಂಚಿತರಾಗುವ ಸಂಭವವಿದೆ. ಆದುದರಿಂದ ಈ ಮಾಹಿತಿಯನ್ನು ಸಾರ್ವಜನಿಕರ ಅನುಕೂಲಕ್ಕಾಗಿ ಒಂದೆಡೆ ನೀಡಲಾಗಿದೆ.

ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ 2021-22ನೇ ಸಾಲಿನ ವರದಿಯಂತೆ ದೇಶದಲ್ಲಿ ವಿಜ್ಞಾನ ವಿಭಾಗಗಳಿಗೆ ದಾಖಲಾದ ಸುಮಾರು 57.2 ಲಕ್ಷ ವಿದ್ಯಾರ್ಥಿಗಳ ಪೈಕಿ 29.8 ಲಕ್ಷ ಮಂದಿ, ಅಂದರೆ ಅರ್ಧಕ್ಕಿಂತ ಹೆಚ್ಚು ಮಂದಿ, ಮಹಿಳೆಯರಾಗಿದ್ದರು. ಅದೇ ಸಾಲಿನಲ್ಲಿ ಎಂಜಿನಿಯರಿಂಗ್ ಮತ್ತು ತಂತ್ರಜ್ಞಾನದ ಪದವಿ ಹಂತದಲ್ಲಿ ಅವರ ಪ್ರಮಾಣ ಸುಮಾರು ಶೇ. 29 ಇದ್ದಿತು. ಆದರೆ ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯು 2018ರ ಏಪ್ರಿಲ್ ವೇಳೆಗೆ ಇದ್ದ ಸ್ಥಿತಿಯನ್ನು ಕುರಿತು ಪ್ರಕಟಿಸಿದ ಅಂಕಿಅಂಶಗಳ ಪ್ರಕಾರ, ಸಂಶೋಧನೆ ಮತ್ತು ಅಭಿವೃದ್ಧಿ ಕಾರ್ಯದಲ್ಲಿ ನೇರವಾಗಿ ತೊಡಗಿದವರಲ್ಲಿ ಮಹಿಳೆಯರು ಶೇ. 16.6 ಮಾತ್ರ. ತರಗತಿಯಲ್ಲಿ ಅರ್ಧದಷ್ಟಿರುವವರು ಪ್ರಯೋಗಾಲಯದಲ್ಲಿ ಆರರಲ್ಲಿ ಒಂದು ಭಾಗವಾಗಿ ಇಳಿಯಲು ಕಾರಣಗಳು ಹಲವು. ಅವುಗಳಲ್ಲಿ ಕೆಲವನ್ನಾದರೂ, ಸಕಾಲದಲ್ಲಿ ಸಲ್ಲಿಸಿದ ಒಂದು ಅರ್ಜಿ ಮತ್ತು ಅದನ್ನು ಸಕಾಲದಲ್ಲಿ ವಿಲೇವಾರಿ ಮಾಡಿದ ಒಬ್ಬ ಸಿಬ್ಬಂದಿಯಿಂದ ತಡೆಯಬಹುದಾಗಿದೆ.

2. ಹಿನ್ನೆಲೆ

ನಿಯಮಗಳಿಲ್ಲದ ಕಾಲದಲ್ಲಿ ಮಹಿಳೆಯರ ವ್ಯಾಸಂಗವು ಒಬ್ಬಿಬ್ಬರು ಅಧಿಕಾರಿಗಳ ಅಥವಾ ಅಧ್ಯಾಪಕರ ಮನೋಭಾವವನ್ನೇ ಅವಲಂಬಿಸಿತ್ತು. ಮುಂಬಯಿ ವಿಶ್ವವಿದ್ಯಾಲಯದ ಪದವೀಧರೆ ಕಮಲಾ ಭಾಗವತ್ (ಮುಂದೆ ಕಮಲಾ ಸೊಹೊನಿ) ಅವರು 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಸಲ್ಲಿಸಿದಾಗ, ಅಂದಿನ ನಿರ್ದೇಶಕರಾದ ಸರ್ ಸಿ.ವಿ. ರಾಮನ್ ಅವರು ಮಹಿಳೆ ಎಂಬ ಕಾರಣಕ್ಕೆ ಪ್ರವೇಶ ನಿರಾಕರಿಸಿದರು. ಅರ್ಜಿದಾರರು ಪಟ್ಟುಬಿಡದ ಕಾರಣ ಒಂದು ವರ್ಷದ ಪರೀಕ್ಷಾರ್ಥ ಅವಧಿಯ ಷರತ್ತಿನ ಮೇಲೆ ಪ್ರವೇಶ ದೊರೆಯಿತು. ಅವರ ಮಾರ್ಗದರ್ಶಕರಾಗಿದ್ದ ಶ್ರೀನಿವಾಸಯ್ಯನವರು ಕಟ್ಟುನಿಟ್ಟಾಗಿ, ಆದರೆ ಭೇದವಿಲ್ಲದೆ ಕೆಲಸ ಕಲಿಸಿದರು. ವರ್ಷದ ಕೊನೆಯಲ್ಲಿ ಪ್ರವೇಶವು ಕ್ರಮಬದ್ಧಗೊಂಡಿತು. ಕಮಲಾ ಅವರು 1939ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದಿಂದ ಪಿಎಚ್.ಡಿ. ಪಡೆದರು.

1940ರ ದಶಕದ ಆರಂಭದಲ್ಲಿ ಮದರಾಸಿನ ಗಿಂಡಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಎ. ಲಲಿತಾ ಅವರಿಗೆ ಪ್ರವೇಶ ದೊರೆತದ್ದು, ಅಲ್ಲಿಯೇ ಪ್ರಾಧ್ಯಾಪಕರಾಗಿದ್ದ ಅವರ ತಂದೆಯ ಕೋರಿಕೆಗೆ ಪ್ರಾಂಶುಪಾಲ ಕೆ.ಸಿ. ಚಾಕೋ ಅವರು ಸಮ್ಮತಿಸಿದ್ದರಿಂದ. ಬಾಲ್ಯವಿವಾಹವಾಗಿ, ಹದಿನೆಂಟರ ಹರೆಯದಲ್ಲಿ ಪತಿಯನ್ನು ಕಳೆದುಕೊಂಡು, ಕೈಗೂಸಿನ ತಾಯಿಯಾಗಿದ್ದ ಲಲಿತಾ ಅವರು ಅಲ್ಲಿ ವಿದ್ಯುತ್ ಎಂಜಿನಿಯರಿಂಗ್ ಪದವಿ ಪಡೆದರು. ಪುರುಷರಿಗೆಂದೇ ಮುದ್ರಿಸಿಟ್ಟಿದ್ದ ಪದವಿ ಪ್ರಮಾಣಪತ್ರದಲ್ಲಿ ‘ಅವನು’ ಎಂಬರ್ಥದ ಇಂಗ್ಲಿಷ್ ಪದವನ್ನು ಹೊಡೆದುಹಾಕಿ ‘ಅವಳು’ ಎಂದು ತಿದ್ದಬೇಕಾಯಿತು.

ಇದೇ ದಶಕದಲ್ಲಿ ಬೆಂಗಳೂರಿನಲ್ಲಿ ಸಂಶೋಧನೆ ನಡೆಸಿದ ಅಣ್ಣಾ ಮಣಿ ಅವರು ವಜ್ರ ಮತ್ತು ಮಾಣಿಕ್ಯಗಳ ಬೆಳಕಿನ ಗುಣಗಳನ್ನು ಕುರಿತ ಪ್ರಬಂಧವನ್ನು ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ್ದರು. ಸ್ನಾತಕೋತ್ತರ ಪದವಿ ಇಲ್ಲವೆಂಬ ಕಾರಣ ನೀಡಿ ಅವರಿಗೆ ಪಿಎಚ್.ಡಿ. ನೀಡಲಿಲ್ಲ. ಅವರು ಮುಂದೆ ಭಾರತ ಹವಾಮಾನ ಇಲಾಖೆಯ ಉಪ ಮಹಾನಿರ್ದೇಶಕರ ಹುದ್ದೆಯವರೆಗೆ ಏರಿದರು. ಆದರೆ ಆ ಪದವಿ ಮಾತ್ರ ಅವರಿಗೆ ಎಂದಿಗೂ ದೊರೆಯಲಿಲ್ಲ.

ಮೇಲ್ಕಂಡ ಮೂರೂ ಪ್ರಸಂಗಗಳಲ್ಲಿ ಅರ್ಜಿದಾರರ ಸಾಮರ್ಥ್ಯದಲ್ಲಿ ಕೊರತೆ ಇರಲಿಲ್ಲ. ಮೇಜಿನ ಆ ಬದಿಯಲ್ಲಿ ಕುಳಿತವರು ಏನು ಮಾಡಿದರು ಎಂಬುದೇ ಪರಿಣಾಮವನ್ನು ನಿರ್ಧರಿಸಿತು. ಇಂದು ಈ ವಿಷಯಗಳಿಗೆ ಲಿಖಿತ ನಿಯಮಗಳಿವೆ, ಕಾಲಮಿತಿ ಇದೆ, ಮೇಲ್ಮನವಿ ಇದೆ. ಆದುದರಿಂದ ಅರ್ಜಿದಾರರು ಸಿಬ್ಬಂದಿಯ ಕೃಪೆಯನ್ನು ಕೋರುವ ಅಗತ್ಯವಿಲ್ಲ. ನಿಯಮವನ್ನು ಉಲ್ಲೇಖಿಸಿ, ಸೂಕ್ತ ಅಧಿಕಾರಿಗೆ, ನಿಗದಿತ ಅವಧಿಯೊಳಗೆ ಲಿಖಿತ ಅರ್ಜಿ ನೀಡಿದರೆ ಅದನ್ನು ಪರಿಶೀಲಿಸಿ ತೀರ್ಮಾನಿಸುವುದು ಸದರಿ ಅಧಿಕಾರಿಯ ಕರ್ತವ್ಯವಾಗುತ್ತದೆ.

3. ಯಾವ ವಿಷಯಕ್ಕೆ ಯಾರನ್ನು ಸಂಪರ್ಕಿಸಬೇಕು

ಅ) ವಿದ್ಯಾರ್ಥಿವೇತನದ ಅರ್ಜಿ ಪರಿಶೀಲನೆ: ಕಾಲೇಜಿನ ಅಥವಾ ಸಂಸ್ಥೆಯ ವಿದ್ಯಾರ್ಥಿವೇತನ ನೋಡಲ್ ಅಧಿಕಾರಿ.

ಆ) ಪಿಎಚ್.ಡಿ. ನೋಂದಣಿ, ರಜೆ, ಅವಧಿ ವಿಸ್ತರಣೆ, ಸ್ಥಳಾಂತರ: ಮಾರ್ಗದರ್ಶಕರು ಮತ್ತು ವಿಭಾಗದ ಮುಖ್ಯಸ್ಥರ ಮೂಲಕ ವಿಶ್ವವಿದ್ಯಾಲಯದ ಪಿಎಚ್.ಡಿ. ಶಾಖೆ ಹಾಗೂ ಕುಲಸಚಿವರು.

ಇ) ಪರೀಕ್ಷೆ, ಅಂಕಪಟ್ಟಿ, ಪ್ರಬಂಧದ ಮೌಲ್ಯಮಾಪನ: ಕುಲಸಚಿವರು (ಮೌಲ್ಯಮಾಪನ).

ಈ) ಲೈಂಗಿಕ ಕಿರುಕುಳದ ದೂರು: ಆಂತರಿಕ ದೂರು ಸಮಿತಿಯ ಅಧ್ಯಕ್ಷೆ ಅಥವಾ ಯಾವುದೇ ಸದಸ್ಯರು.

ಉ) ಪ್ರವೇಶ, ಶುಲ್ಕ, ಮೂಲ ದಾಖಲೆ, ತಾರತಮ್ಯ ಮುಂತಾದ ಇತರ ಕುಂದುಕೊರತೆ: ವಿದ್ಯಾರ್ಥಿ ಕುಂದುಕೊರತೆ ಪರಿಹಾರ ಸಮಿತಿ.

ಊ) ಸಂಶೋಧನಾ ಯೋಜನೆ ಹಾಗೂ ಫೆಲೋಶಿಪ್‌ಗಳಿಗೆ ಸಂಸ್ಥೆಯ ಒಪ್ಪಿಗೆ ಪತ್ರ: ಸಂಸ್ಥೆಯ ಮುಖ್ಯಸ್ಥರು ಅಥವಾ ಕುಲಸಚಿವರು.

ಸೂಚನೆ: ಮಹಿಳಾ ಅಧ್ಯಯನ ಕೇಂದ್ರವು ಮೂಲತಃ ಬೋಧನೆ ಮತ್ತು ಸಂಶೋಧನೆಯ ವಿಭಾಗವಾಗಿದೆ. ಅಲ್ಲಿನ ಅಧ್ಯಾಪಕರು ಸಲಹೆ ನೀಡಬಹುದು. ಆದರೆ ಅಲ್ಲಿ ಮೌಖಿಕವಾಗಿ ತಿಳಿಸಿದ ಮಾತ್ರಕ್ಕೆ ಆಂತರಿಕ ದೂರು ಸಮಿತಿಗೆ ದೂರು ಸಲ್ಲಿಸಿದಂತೆ ಆಗುವುದಿಲ್ಲ.

1998ರಲ್ಲಿ ಸ್ಥಾಪನೆಯಾದ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದಂತಹ ಸಂಯೋಜನಾ ವಿಶ್ವವಿದ್ಯಾಲಯಗಳಲ್ಲಿ, ವಿದ್ಯಾರ್ಥಿನಿಯು ಓದುವ ಕಾಲೇಜು ಒಂದು ಊರಿನಲ್ಲಿದ್ದು ವಿಶ್ವವಿದ್ಯಾಲಯದ ಕಚೇರಿ ಮತ್ತೊಂದು ಊರಿನಲ್ಲಿರುತ್ತದೆ. ಇಂತಹ ಸಂದರ್ಭದಲ್ಲಿ ವಿದ್ಯಾರ್ಥಿವೇತನ ಮತ್ತು ಸುರಕ್ಷತೆಯ ವಿಷಯಗಳಿಗೆ ಮೊದಲು ಕಾಲೇಜಿನ ಸಿಬ್ಬಂದಿಯನ್ನೇ ಸಂಪರ್ಕಿಸತಕ್ಕದ್ದು.

4. ತಾಂತ್ರಿಕ ಶಿಕ್ಷಣಕ್ಕೆ ‘ಪ್ರಗತಿ’ ವಿದ್ಯಾರ್ಥಿವೇತನ

ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು (ಎಐಸಿಟಿಇ) ತನ್ನ ಅನುಮೋದನೆ ಪಡೆದ ಸಂಸ್ಥೆಗಳಲ್ಲಿ ತಾಂತ್ರಿಕ ಪದವಿ ಅಥವಾ ಡಿಪ್ಲೊಮಾ ಓದುವ ವಿದ್ಯಾರ್ಥಿನಿಯರಿಗಾಗಿ ‘ಪ್ರಗತಿ’ ಯೋಜನೆಯನ್ನು ರೂಪಿಸಿದೆ. ಯೋಜನೆಯ ನಿಯಮಾವಳಿಯಂತೆ:

ಅ) ವಿದ್ಯಾರ್ಥಿನಿಯು ಮೊದಲ ವರ್ಷಕ್ಕೆ, ಅಥವಾ ಲ್ಯಾಟರಲ್ ಪ್ರವೇಶದ ಮೂಲಕ ಎರಡನೆಯ ವರ್ಷಕ್ಕೆ, ದಾಖಲಾಗಿರಬೇಕು.

ಆ) ಕುಟುಂಬದ ವಾರ್ಷಿಕ ಆದಾಯವು ರೂ. 8 ಲಕ್ಷ ಮೀರಿರಬಾರದು.

ಇ) ಒಂದು ಕುಟುಂಬದಿಂದ ಗರಿಷ್ಠ ಇಬ್ಬರು ಹೆಣ್ಣುಮಕ್ಕಳು ಅರ್ಹರು.

ಈ) ಆಯ್ಕೆಯಾದವರಿಗೆ ವ್ಯಾಸಂಗದ ಪ್ರತಿ ವರ್ಷಕ್ಕೆ ರೂ. 50,000 ದೊರೆಯುತ್ತದೆ. ಪ್ರತಿ ವರ್ಷ ನವೀಕರಣ ಮಾಡಿಕೊಳ್ಳುವುದು ಕಡ್ಡಾಯ.

ಅರ್ಜಿಯನ್ನು ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಭರ್ತಿ ಮಾಡಬೇಕಾಗುತ್ತದೆ. ಆದರೆ ಅರ್ಜಿ ಭರ್ತಿ ಮಾಡಿದ ಮಾತ್ರಕ್ಕೆ ಪ್ರಕ್ರಿಯೆ ಮುಗಿಯುವುದಿಲ್ಲ ಎಂಬುದನ್ನು ಪೋಷಕರು ವಿಶೇಷವಾಗಿ ಗಮನಿಸಬೇಕು. ಸದರಿ ಅರ್ಜಿಯನ್ನು ಸಂಸ್ಥೆಯ ನೋಡಲ್ ಅಧಿಕಾರಿಯು ಮೂಲ ದಾಖಲೆಗಳೊಂದಿಗೆ ತಾಳೆ ನೋಡಿ, ಪೋರ್ಟಲ್‌ನಲ್ಲಿ ದೃಢೀಕರಿಸಬೇಕು. ವಿದ್ಯಾರ್ಥಿನಿಯು ಅರ್ಜಿ ಸಲ್ಲಿಸುವ ಕೊನೆಯ ದಿನಾಂಕ ಬೇರೆ, ಸಂಸ್ಥೆಯು ದೃಢೀಕರಿಸುವ ಕೊನೆಯ ದಿನಾಂಕ ಬೇರೆ. ಎರಡನೆಯ ದಿನಾಂಕ ಮೀರಿದರೆ ಅರ್ಜಿಯು ಮುಂದಿನ ಹಂತಕ್ಕೆ ಹೋಗುವುದಿಲ್ಲ. ಆದುದರಿಂದ ಅರ್ಜಿ ಸಲ್ಲಿಸಿದ ವಾರದೊಳಗೆ ಅದರ ಮುದ್ರಿತ ಪ್ರತಿ, ನಾಡಕಚೇರಿಯಿಂದ ಪಡೆದ ಆದಾಯ ಪ್ರಮಾಣಪತ್ರ, ವ್ಯಾಸಂಗ ಪ್ರಮಾಣಪತ್ರ, ಶುಲ್ಕದ ರಸೀದಿ ಹಾಗೂ ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆಯ ವಿವರಗಳೊಂದಿಗೆ ನೋಡಲ್ ಅಧಿಕಾರಿಯನ್ನು ಖುದ್ದಾಗಿ ಕಾಣುವುದು ಉಚಿತ. ಅರ್ಜಿಯಲ್ಲಿ ದೋಷವಿದೆಯೆಂದು ಹಿಂದಿರುಗಿಸಿದ್ದಲ್ಲಿ, ಪೋರ್ಟಲ್‌ನಲ್ಲಿ ತೋರಿಸಿದ ದಿನಾಂಕದೊಳಗೆ ಸರಿಪಡಿಸಿ ಮರುಸಲ್ಲಿಸಬೇಕು.

5. ಸಂಶೋಧನಾರ್ಥಿನಿಯರಿಗೆ ಇರುವ ಅವಕಾಶಗಳು

ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2022ರ ಪಿಎಚ್.ಡಿ. ವಿನಿಯಮಗಳು 2022ರ ನವೆಂಬರ್‌ನಲ್ಲಿ ಅಧಿಸೂಚಿತವಾದವು. ಅವುಗಳಲ್ಲಿ ಮಹಿಳೆಯರಿಗೆ ಸಂಬಂಧಿಸಿದ ಮೂರು ಮುಖ್ಯ ಅಂಶಗಳಿವೆ.

5.1 ಅವಧಿ. ಪಿಎಚ್.ಡಿ. ಪೂರ್ಣಗೊಳಿಸಲು ಪ್ರವೇಶದ ದಿನಾಂಕದಿಂದ ಗರಿಷ್ಠ ಆರು ವರ್ಷ ನಿಗದಿಯಾಗಿದೆ. ಮರುನೋಂದಣಿಯ ಮೂಲಕ ವಿಶ್ವವಿದ್ಯಾಲಯವು ಎರಡು ವರ್ಷಗಳವರೆಗೆ ಹೆಚ್ಚಿನ ಅವಧಿ ನೀಡಬಹುದು. ಮಹಿಳೆಯರಿಗೆ ಹಾಗೂ ಶೇ. 40ಕ್ಕಿಂತ ಹೆಚ್ಚು ಅಂಗವೈಕಲ್ಯ ಉಳ್ಳವರಿಗೆ ಇದಲ್ಲದೆ ಇನ್ನೂ ಎರಡು ವರ್ಷಗಳ ಸಡಿಲಿಕೆಗೆ ಅವಕಾಶವಿದೆ. ಒಟ್ಟು ಅವಧಿಯು ಹತ್ತು ವರ್ಷಗಳನ್ನು ಮೀರುವಂತಿಲ್ಲ.

5.2 ಹೆರಿಗೆ ಮತ್ತು ಶಿಶುಪಾಲನಾ ರಜೆ. ಪಿಎಚ್.ಡಿ. ವ್ಯಾಸಂಗದ ಸಂಪೂರ್ಣ ಅವಧಿಯಲ್ಲಿ ಒಟ್ಟು 240 ದಿನಗಳವರೆಗೆ ಹೆರಿಗೆ ರಜೆ ಅಥವಾ ಶಿಶುಪಾಲನಾ ರಜೆ ನೀಡಬಹುದಾಗಿದೆ. ವಿನಿಯಮದಲ್ಲಿ ‘ನೀಡಬಹುದು’ ಎಂದಿರುವುದರಿಂದ ರಜೆಯು ತಾನಾಗಿಯೇ ಮಂಜೂರಾಗುವುದಿಲ್ಲ. ಅರ್ಜಿ ಸಲ್ಲಿಸಿ, ಮಂಜೂರಾತಿ ಆದೇಶವನ್ನು ಲಿಖಿತವಾಗಿ ಪಡೆಯಬೇಕು. ಮಾರ್ಗದರ್ಶಕರು ಬಾಯಿಮಾತಿನಲ್ಲಿ ‘ಮನೆಗೆ ಹೋಗಿ ಬನ್ನಿ’ ಎಂದು ಒಪ್ಪಿದ್ದನ್ನೇ ರಜೆ ಎಂದು ಭಾವಿಸಬಾರದು. ಸಂಶೋಧನಾರ್ಥಿಗಳು ಪ್ರತಿ ಸೆಮಿಸ್ಟರ್‌ನಲ್ಲಿ ಸಂಶೋಧನಾ ಸಲಹಾ ಸಮಿತಿಯ ಮುಂದೆ ಪ್ರಗತಿಯನ್ನು ಮಂಡಿಸಬೇಕಾಗಿರುವುದರಿಂದ, ಆದೇಶವಿಲ್ಲದ ಗೈರುಹಾಜರಿಯು ಕಡತದಲ್ಲಿ ಪ್ರಗತಿಯ ಕೊರತೆಯಾಗಿ ದಾಖಲಾಗುವ ಸಂಭವವಿದೆ. ಫೆಲೋಶಿಪ್ ಪಡೆಯುತ್ತಿರುವವರು ಧನಸಹಾಯ ನೀಡುವ ಸಂಸ್ಥೆಯ ಷರತ್ತುಗಳನ್ನು ಪ್ರತ್ಯೇಕವಾಗಿ ಪರಿಶೀಲಿಸಿ, ರಜೆಯ ಆದೇಶದ ಪ್ರತಿಯನ್ನು ಲೆಕ್ಕಪತ್ರ ಶಾಖೆಗೂ ನೀಡಬೇಕು.

5.3 ಸ್ಥಳಾಂತರ. ವಿವಾಹದ ಕಾರಣದಿಂದ ಅಥವಾ ಬೇರೆ ಕಾರಣದಿಂದ ಸಂಶೋಧನಾರ್ಥಿನಿಯು ಬೇರೆ ಊರಿಗೆ ಹೋಗಬೇಕಾಗಿ ಬಂದಲ್ಲಿ, ಅದುವರೆಗಿನ ಸಂಶೋಧನಾ ದತ್ತಾಂಶವನ್ನು ಹೊಸ ವಿಶ್ವವಿದ್ಯಾಲಯಕ್ಕೆ ವರ್ಗಾಯಿಸಲು ಅವಕಾಶ ನೀಡಬೇಕೆಂದು ವಿನಿಯಮ ತಿಳಿಸುತ್ತದೆ. ಇತರ ಎಲ್ಲ ಷರತ್ತುಗಳು ಪಾಲನೆಯಾಗಿರಬೇಕು, ಸಂಶೋಧನೆಯು ಮೂಲ ಸಂಸ್ಥೆ ಅಥವಾ ಮಾರ್ಗದರ್ಶಕರು ಧನಸಹಾಯ ಪಡೆದು ನಡೆಸುತ್ತಿರುವ ಯೋಜನೆಗೆ ಸೇರಿರಬಾರದು, ಮತ್ತು ಆಗಿರುವ ಕೆಲಸಕ್ಕೆ ಮೂಲ ಮಾರ್ಗದರ್ಶಕರಿಗೂ ಸಂಸ್ಥೆಗೂ ಸಲ್ಲಬೇಕಾದ ಮನ್ನಣೆ ನೀಡಬೇಕು. ಉದಾಹರಣೆಗೆ, ಕಲಬುರಗಿಯಲ್ಲಿ ಮೂರು ವರ್ಷ ರಸಾಯನವಿಜ್ಞಾನದ ಪ್ರಯೋಗಗಳನ್ನು ನಡೆಸಿದ ಸಂಶೋಧನಾರ್ಥಿನಿಯೊಬ್ಬರು ವಿವಾಹಾನಂತರ ಪುಣೆಗೆ ಹೋಗಬೇಕಾದರೆ, ಅವರು ಮೂರು ವರ್ಷಗಳ ಕೆಲಸವನ್ನು ಬಿಟ್ಟು ಮೊದಲಿನಿಂದ ಆರಂಭಿಸಬೇಕೆಂಬ ನಿರ್ಬಂಧವಿಲ್ಲ. ಊರು ಬಿಡುವ ಮೊದಲೇ ಎರಡೂ ವಿಶ್ವವಿದ್ಯಾಲಯಗಳ ಕುಲಸಚಿವರಿಗೆ ಅರ್ಜಿ ಸಲ್ಲಿಸಿ, ಪ್ರಯೋಗದ ದಾಖಲೆ ಪುಸ್ತಕಗಳು ಮತ್ತು ದತ್ತಾಂಶದ ಪಟ್ಟಿಗೆ ಮಾರ್ಗದರ್ಶಕರ ಸಹಿ ಪಡೆದಿರಬೇಕು.

ಸದರಿ ವಿನಿಯಮಗಳು ಜಾರಿಯಾಗುವ ಮೊದಲು ನೋಂದಾಯಿಸಿಕೊಂಡವರಿಗೆ ಹಿಂದಿನ ವಿನಿಯಮಗಳು ಅನ್ವಯಿಸುತ್ತವೆ. 240 ದಿನಗಳ ರಜೆ ಮತ್ತು ಎರಡು ವರ್ಷಗಳ ಸಡಿಲಿಕೆಗೆ 2016ರ ವಿನಿಯಮಗಳಲ್ಲಿಯೂ ಅವಕಾಶವಿತ್ತು.

ಸ್ನಾತಕ ಮತ್ತು ಸ್ನಾತಕೋತ್ತರ ವಿದ್ಯಾರ್ಥಿನಿಯರ ವಿಷಯದಲ್ಲಿ, ಹೆರಿಗೆ ರಜೆ, ಹಾಜರಾತಿ ವಿನಾಯಿತಿ ಹಾಗೂ ಪರೀಕ್ಷಾ ಅರ್ಜಿ ಸಲ್ಲಿಕೆಯ ದಿನಾಂಕ ವಿಸ್ತರಣೆಗೆ ಸೂಕ್ತ ನಿಯಮಗಳನ್ನು ರೂಪಿಸುವಂತೆ ಆಯೋಗವು 2021ರ ಡಿಸೆಂಬರ್‌ನಲ್ಲಿ ಎಲ್ಲ ವಿಶ್ವವಿದ್ಯಾಲಯಗಳಿಗೆ ಪತ್ರ ಬರೆದಿತ್ತು. ತಮ್ಮ ವಿಶ್ವವಿದ್ಯಾಲಯವು ಈ ಬಗ್ಗೆ ಹೊರಡಿಸಿರುವ ಸುತ್ತೋಲೆಯ ಪ್ರತಿಯನ್ನು ಪ್ರಾಂಶುಪಾಲರ ಕಚೇರಿಯಲ್ಲಿ ಕೇಳಿ ಪಡೆಯಬಹುದು.

6. ವ್ಯಾಸಂಗ ಅಥವಾ ವೃತ್ತಿಯಲ್ಲಿ ವಿರಾಮವಾದವರಿಗೆ

ಮಕ್ಕಳ ಪಾಲನೆ, ಹಿರಿಯರ ಆರೈಕೆ ಅಥವಾ ಪತಿಯ ವರ್ಗಾವಣೆಯ ಕಾರಣದಿಂದ ಸಂಶೋಧನೆಯನ್ನು ನಿಲ್ಲಿಸಿದವರು ಮರಳಿ ಬರಲು ಅನುವಾಗುವಂತೆ ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯು 2002-03ನೇ ಸಾಲಿನಲ್ಲಿ ಮಹಿಳಾ ವಿಜ್ಞಾನಿಗಳ ಯೋಜನೆಯನ್ನು ಆರಂಭಿಸಿತು. 2014ರಲ್ಲಿ ಇಲಾಖೆಯ ಮಹಿಳಾ ಯೋಜನೆಗಳನ್ನು ‘ಕಿರಣ್’ ಎಂಬ ಹೆಸರಿನಡಿ ಒಂದುಗೂಡಿಸಲಾಯಿತು. ಮುಂದೆ ಅದು ‘ವೈಸ್-ಕಿರಣ್’ ಆಗಿ ಪುನರ್‌ರಚನೆಗೊಂಡಿತು. ಇದರಡಿ ಪಿಎಚ್.ಡಿ. ಸಂಶೋಧನೆಗೆ ವೈಸ್-ಪಿಎಚ್.ಡಿ., ಪಿಎಚ್.ಡಿ. ನಂತರದ ಸಂಶೋಧನೆಗೆ ವೈಸ್-ಪಿಡಿಎಫ್, ಸಮಾಜೋಪಯೋಗಿ ಸಂಶೋಧನೆಗೆ ವೈಸ್-ಸ್ಕೋಪ್ ಮತ್ತು ಬೌದ್ಧಿಕ ಆಸ್ತಿ ಹಕ್ಕುಗಳ ತರಬೇತಿಗೆ ವೈಸ್-ಐಪಿಆರ್ ಎಂಬ ಘಟಕಗಳನ್ನು ರೂಪಿಸಲಾಯಿತು.

ಅರ್ಜಿಗಳನ್ನು ಇಲಾಖೆಯು ಪ್ರಕಟಣೆಯ ಮೂಲಕ ಆಹ್ವಾನಿಸುತ್ತದೆ. ವಯೋಮಿತಿ ಮತ್ತು ಅರ್ಹತೆಗಳನ್ನು ಆಯಾ ಪ್ರಕಟಣೆಯಲ್ಲಿಯೇ ನೋಡಿಕೊಳ್ಳಬೇಕು. ಸಂಶೋಧನಾ ಫೆಲೋಶಿಪ್‌ಗೆ ಅರ್ಜಿ ಸಲ್ಲಿಸುವವರಿಗೆ ಕೆಲಸ ನಡೆಸಲು ಒಂದು ಆತಿಥೇಯ ಸಂಸ್ಥೆ ಬೇಕು. ಅಲ್ಲಿನ ಒಬ್ಬ ವಿಜ್ಞಾನಿ ಅಥವಾ ಅಧ್ಯಾಪಕರು ಮಾರ್ಗದರ್ಶನಕ್ಕೆ ಒಪ್ಪಬೇಕು ಮತ್ತು ಸಂಸ್ಥೆಯ ಮುಖ್ಯಸ್ಥರು ಒಪ್ಪಿಗೆ ಪತ್ರಕ್ಕೆ ಸಹಿ ಮಾಡಬೇಕು. ಹಲವು ವರ್ಷ ಸಂಸ್ಥೆಯಿಂದ ಹೊರಗಿದ್ದವರಿಗೆ ಈ ಎರಡು ಸಹಿಗಳೇ ಕಷ್ಟದ ಹಂತವಾಗಿರುತ್ತವೆ. ಆದುದರಿಂದ ಪ್ರಕಟಣೆ ಹೊರಬೀಳುವವರೆಗೆ ಕಾಯದೆ, ತಮ್ಮ ಹಿಂದಿನ ವಿಭಾಗದ ಅಧ್ಯಾಪಕರನ್ನು ಮುಂಚಿತವಾಗಿ ಕಂಡು, ಎರಡು ಪುಟಗಳ ಸಂಶೋಧನಾ ಪ್ರಸ್ತಾವವನ್ನು ನೀಡಿ ಚರ್ಚಿಸುವುದು ಸೂಕ್ತ.

7. ಲೈಂಗಿಕ ಕಿರುಕುಳದ ದೂರು

7.1 ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಮಹಿಳಾ ನೌಕರರು ಮತ್ತು ವಿದ್ಯಾರ್ಥಿಗಳ ಮೇಲಿನ ಲೈಂಗಿಕ ಕಿರುಕುಳ ತಡೆ ಕುರಿತ ಯುಜಿಸಿ 2015ರ ವಿನಿಯಮಗಳಂತೆ ಪ್ರತಿ ಸಂಸ್ಥೆಯಲ್ಲಿ ಆಂತರಿಕ ದೂರು ಸಮಿತಿ ಇರತಕ್ಕದ್ದು. ಹಿರಿಯ ಮಹಿಳಾ ಅಧ್ಯಾಪಕರು ಅದರ ಅಧ್ಯಕ್ಷರಾಗಿರುತ್ತಾರೆ. ಇಬ್ಬರು ಅಧ್ಯಾಪಕರು, ಇಬ್ಬರು ಬೋಧಕೇತರ ನೌಕರರು, ಹೊರಗಿನ ಸ್ವಯಂಸೇವಾ ಸಂಸ್ಥೆಯ ಒಬ್ಬ ಸದಸ್ಯರು ಹಾಗೂ ವಿದ್ಯಾರ್ಥಿಗಳಿಗೆ ಸಂಬಂಧಿಸಿದ ದೂರಾದಲ್ಲಿ ಮೂವರು ವಿದ್ಯಾರ್ಥಿ ಪ್ರತಿನಿಧಿಗಳು ಇರುತ್ತಾರೆ. ಒಟ್ಟು ಸದಸ್ಯರಲ್ಲಿ ಕನಿಷ್ಠ ಅರ್ಧದಷ್ಟು ಮಹಿಳೆಯರಿರಬೇಕು. ಕುಲಪತಿ, ಕುಲಸಚಿವರು, ಡೀನ್, ವಿಭಾಗದ ಮುಖ್ಯಸ್ಥರು ಮುಂತಾದ ಉನ್ನತ ಆಡಳಿತ ಹುದ್ದೆಯಲ್ಲಿರುವವರು ಸದಸ್ಯರಾಗುವಂತಿಲ್ಲ.

7.2 ಘಟನೆ ನಡೆದ ದಿನಾಂಕದಿಂದ ಮೂರು ತಿಂಗಳೊಳಗೆ ಲಿಖಿತ ದೂರು ನೀಡಬೇಕು. ಘಟನೆಗಳು ಮರುಕಳಿಸಿದ್ದಲ್ಲಿ ಕೊನೆಯ ಘಟನೆಯ ದಿನಾಂಕವನ್ನು ಪರಿಗಣಿಸಲಾಗುತ್ತದೆ. ಅಂದರೆ ಕೊನೆಯ ಘಟನೆ ಜೂನ್ 10ರಂದು ನಡೆದಿದ್ದರೆ ಸೆಪ್ಟೆಂಬರ್ 10ರೊಳಗೆ ದೂರು ಸಲ್ಲಿಸುವುದು ಸುರಕ್ಷಿತ. ಸಕಾರಣವಿದ್ದಲ್ಲಿ ಸಮಿತಿಯು ಇನ್ನೂ ಮೂರು ತಿಂಗಳು ವಿಸ್ತರಿಸಬಹುದು. ದೂರನ್ನು ಬರೆಯಲಾಗದವರಿಗೆ ಬರೆದುಕೊಡಲು ಅಗತ್ಯ ನೆರವು ನೀಡುವುದು ಸಮಿತಿಯ ಅಧ್ಯಕ್ಷರ ಅಥವಾ ಸದಸ್ಯರ ಕರ್ತವ್ಯವಾಗಿದೆ.

7.3 ತರಗತಿ ಮತ್ತು ಪ್ರಯೋಗಾಲಯಗಳಿಗಷ್ಟೇ ಈ ವಿನಿಯಮಗಳು ಸೀಮಿತವಲ್ಲ. ಸಂಸ್ಥೆಯ ವಾಹನ, ಕ್ಷೇತ್ರಕಾರ್ಯ, ಅಧ್ಯಯನ ಪ್ರವಾಸ, ಇಂಟರ್ನ್‌ಶಿಪ್ ಮತ್ತು ಅಲ್ಪಾವಧಿ ನಿಯೋಜನೆಯ ಸ್ಥಳಗಳೂ ಆವರಣದ ವ್ಯಾಪ್ತಿಗೆ ಸೇರುತ್ತವೆ. ಭೂವಿಜ್ಞಾನದ ಕ್ಷೇತ್ರ ಪ್ರವಾಸಕ್ಕೆ ಅಥವಾ ಕಾರ್ಖಾನೆಯ ತರಬೇತಿಗೆ ಹೋಗುವ ವಿದ್ಯಾರ್ಥಿನಿಯರು ಇದನ್ನು ಗಮನದಲ್ಲಿರಿಸಿಕೊಳ್ಳಬೇಕು. ಸಂಶೋಧನಾ ಸಹಾಯಕರು ಮತ್ತು ತರಬೇತಿಯಲ್ಲಿರುವವರಿಗೂ ರಕ್ಷಣೆ ಇದೆ.

7.4 ಸಂಶೋಧನಾರ್ಥಿನಿಯ ಪಾಲಿಗೆ ಮಾರ್ಗದರ್ಶಕರ ಸಹಿಯೇ ಪದವಿಯ ಬಾಗಿಲು. ದೂರು ಮಾರ್ಗದರ್ಶಕರ ಮೇಲೆಯೇ ಇದ್ದಾಗ ಪದವಿ ಕೈತಪ್ಪೀತೆಂಬ ಭಯ ಸಹಜ. ಇಂತಹ ಸಂದರ್ಭಕ್ಕಾಗಿಯೇ ವಿನಿಯಮಗಳಲ್ಲಿ ಮಧ್ಯಂತರ ಪರಿಹಾರದ ವ್ಯವಸ್ಥೆ ಇದೆ. ಸಮಿತಿಯು ಶಿಫಾರಸು ಮಾಡಿದಲ್ಲಿ, ಆರೋಪಿತರು ದೂರುದಾರರ ಕೆಲಸ, ಪರೀಕ್ಷೆ ಅಥವಾ ಪ್ರಗತಿಯನ್ನು ಮೌಲ್ಯಮಾಪನ ಮಾಡದಂತೆ ನಿರ್ಬಂಧಿಸಬಹುದು. ದೂರುದಾರರಿಗೆ ಮೂರು ತಿಂಗಳವರೆಗೆ ರಜೆಯನ್ನೂ ನೀಡಬಹುದು. ಮಧ್ಯಂತರ ಪರಿಹಾರ ಬೇಕಾದಲ್ಲಿ ದೂರಿನಲ್ಲಿಯೇ ಅದನ್ನು ಸ್ಪಷ್ಟವಾಗಿ ಕೋರಬೇಕು.

7.5 ವಿಚಾರಣೆಯು ದೂರು ಸ್ವೀಕರಿಸಿದ 90 ದಿನಗಳೊಳಗೆ ಮುಗಿಯಬೇಕು. ಆನಂತರ 10 ದಿನಗಳೊಳಗೆ ವರದಿ ಸಲ್ಲಿಕೆಯಾಗಬೇಕು. ದೂರುದಾರರ ಗುರುತನ್ನು ಗೋಪ್ಯವಾಗಿಡತಕ್ಕದ್ದು. ಆರೋಪಕ್ಕೆ ಸಾಕಷ್ಟು ಪುರಾವೆ ಒದಗಿಸಲಾಗಲಿಲ್ಲ ಎಂಬ ಕಾರಣ ಒಂದರಿಂದಲೇ ದೂರನ್ನು ಸುಳ್ಳೆಂದು ಪರಿಗಣಿಸಿ ಕ್ರಮ ಕೈಗೊಳ್ಳುವಂತಿಲ್ಲ. ದೂರುದಾರರು ಪೊಲೀಸರಿಗೂ ದೂರು ನೀಡಬಯಸಿದಲ್ಲಿ ಸಂಸ್ಥೆಯು ನೆರವಾಗಬೇಕು.

8. ಇತರ ಕುಂದುಕೊರತೆಗಳು

ಯುಜಿಸಿಯ 2023ರ ವಿದ್ಯಾರ್ಥಿ ಕುಂದುಕೊರತೆ ಪರಿಹಾರ ವಿನಿಯಮಗಳಂತೆ ಸಂಸ್ಥೆಗಳು ಕುಂದುಕೊರತೆ ಪರಿಹಾರ ಸಮಿತಿಯನ್ನು ರಚಿಸಬೇಕು. ಅಧ್ಯಕ್ಷರು ಅಥವಾ ಸದಸ್ಯರಲ್ಲಿ ಕನಿಷ್ಠ ಒಬ್ಬರು ಮಹಿಳೆಯಾಗಿರಬೇಕು. ಸಮಿತಿಯು 15 ಕೆಲಸದ ದಿನಗಳೊಳಗೆ ವರದಿ ನೀಡುವುದು ಅಪೇಕ್ಷಣೀಯ. ತೀರ್ಮಾನವು ಸಮಾಧಾನಕರವಾಗಿಲ್ಲದಿದ್ದಲ್ಲಿ 15 ದಿನಗಳೊಳಗೆ ವಿಶ್ವವಿದ್ಯಾಲಯದ ಒಂಬುಡ್ಸ್‌ಪರ್ಸನ್ ಅವರಿಗೆ ಮೇಲ್ಮನವಿ ಸಲ್ಲಿಸಬಹುದು. ಶುಲ್ಕ ಹಿಂದಿರುಗಿಸದಿರುವುದು, ಮೂಲ ಅಂಕಪಟ್ಟಿಯನ್ನು ತಡೆಹಿಡಿಯುವುದು, ವಿದ್ಯಾರ್ಥಿವೇತನದ ವಿಳಂಬ ಮುಂತಾದ ವಿಷಯಗಳನ್ನು ಇಲ್ಲಿ ಸಲ್ಲಿಸಬಹುದು.

9. ಅರ್ಜಿ ಸಲ್ಲಿಸುವ ಕ್ರಮ

ಅ) ಅರ್ಜಿಯನ್ನು ಹೆಸರಿಗಲ್ಲ, ಹುದ್ದೆಗೆ ಬರೆಯಬೇಕು. ಅಧಿಕಾರಿ ಬದಲಾದರೂ ಅರ್ಜಿ ಉಳಿಯುತ್ತದೆ.

ಆ) ಕೋರಿಕೆಯು ಯಾವ ವಿನಿಯಮ ಅಥವಾ ಸುತ್ತೋಲೆಗೆ ಸಂಬಂಧಿಸಿದೆ ಎಂಬುದನ್ನು ‘ಉಲ್ಲೇಖ’ದಲ್ಲಿ ನಮೂದಿಸಬೇಕು.

ಇ) ಎರಡು ಪ್ರತಿಗಳನ್ನು ಸಿದ್ಧಪಡಿಸಿ ಒಂದನ್ನು ಟಪಾಲು ಶಾಖೆಗೆ ನೀಡಬೇಕು. ಇನ್ನೊಂದರ ಮೇಲೆ ಮೊಹರು, ದಿನಾಂಕ ಮತ್ತು ಸ್ವೀಕೃತಿ ಸಂಖ್ಯೆಯನ್ನು ಪಡೆದುಕೊಳ್ಳಬೇಕು. ಲೈಂಗಿಕ ಕಿರುಕುಳದ ದೂರನ್ನು ಮಾತ್ರ ಟಪಾಲು ಶಾಖೆಗೆ ನೀಡದೆ, ಗೋಪ್ಯತೆಯ ದೃಷ್ಟಿಯಿಂದ ನೇರವಾಗಿ ಸಮಿತಿಗೆ ಸಲ್ಲಿಸಬೇಕು.

ಈ) ಅರ್ಜಿಯು ಯಾವ ಶಾಖೆಗೆ ಹೋಯಿತು, ವಿಷಯ ನಿರ್ವಾಹಕರು ಯಾರು ಎಂಬುದನ್ನು ಕೇಳಿ ಬರೆದಿಟ್ಟುಕೊಳ್ಳಬೇಕು.

ಉ) ಉತ್ತರ ಬಾರದಿದ್ದಲ್ಲಿ ಸ್ವೀಕೃತಿ ಸಂಖ್ಯೆಯನ್ನು ನಮೂದಿಸಿ ಜ್ಞಾಪನ ಪತ್ರ ನೀಡಬೇಕು. ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಮಾಹಿತಿ ಹಕ್ಕು ಅಧಿನಿಯಮ, 2005ರಡಿ ಅರ್ಜಿಯ ಸ್ಥಿತಿಗತಿಯನ್ನು ಕೇಳಬಹುದು. ಸಾಮಾನ್ಯವಾಗಿ 30 ದಿನಗಳೊಳಗೆ ಮಾಹಿತಿ ನೀಡಬೇಕಾಗುತ್ತದೆ.

10. ಸಾಮಾನ್ಯವಾಗಿ ಕೇಳಬಹುದಾದ ಪ್ರಶ್ನೆಗಳು

ಪ್ರಶ್ನೆ: ಹೆರಿಗೆಯಾದ ಮೇಲೆ ರಜೆಗೆ ಅರ್ಜಿ ಸಲ್ಲಿಸಬಹುದೇ?
ಉತ್ತರ: ಸಲ್ಲಿಸಬಹುದು. ಆದರೆ ಹೆರಿಗೆಯ ನಿರೀಕ್ಷಿತ ದಿನಾಂಕ ತಿಳಿದ ಕೂಡಲೇ ವೈದ್ಯಕೀಯ ಪ್ರಮಾಣಪತ್ರದೊಂದಿಗೆ ಸಲ್ಲಿಸಿದರೆ, ಪ್ರಗತಿ ವರದಿ ಮತ್ತು ಫೆಲೋಶಿಪ್‌ನ ವಿಷಯದಲ್ಲಿ ತೊಡಕಾಗುವುದಿಲ್ಲ.

ಪ್ರಶ್ನೆ: ಮಗಳ ಪರವಾಗಿ ತಂದೆ ಅಥವಾ ತಾಯಿ ಅರ್ಜಿ ನೀಡಬಹುದೇ?
ಉತ್ತರ: ವಿದ್ಯಾರ್ಥಿವೇತನ ಮತ್ತು ರಜೆಯ ಅರ್ಜಿಗಳನ್ನು ಪೋಷಕರು ತಲುಪಿಸಬಹುದು. ಸಹಿ ವಿದ್ಯಾರ್ಥಿನಿಯದೇ ಆಗಿರಬೇಕು. ಕಿರುಕುಳದ ದೂರಿನಲ್ಲಿ, ಬಾಧಿತರು ದೈಹಿಕ ಅಥವಾ ಮಾನಸಿಕ ಅಸಮರ್ಥತೆಯಿಂದ ದೂರು ನೀಡಲಾಗದಿದ್ದಾಗ ಬಂಧುಗಳು, ಸ್ನೇಹಿತರು, ಸಹಪಾಠಿಗಳು ದೂರು ಸಲ್ಲಿಸಬಹುದು.

ಪ್ರಶ್ನೆ: ಸಂಸ್ಥೆಯಲ್ಲಿ ಶಿಶುಪಾಲನಾ ಕೇಂದ್ರ ಇರಬೇಕೇ?
ಉತ್ತರ: 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳಲ್ಲಿ ಶಿಶುಪಾಲನಾ ಕೇಂದ್ರದ ಸೌಲಭ್ಯ ಇರಬೇಕೆಂಬ ಷರತ್ತನ್ನು ಹೆರಿಗೆ ಸೌಲಭ್ಯ ಕಾಯಿದೆಯ 2017ರ ತಿದ್ದುಪಡಿಯು ತಂದಿತು. ಇದು ನೌಕರರಿಗೆ ಸಂಬಂಧಿಸಿದ್ದು. ಸಂಶೋಧನಾರ್ಥಿನಿಯರ ಮಕ್ಕಳನ್ನೂ ಸೇರಿಸಿಕೊಳ್ಳುವಂತೆ ಕುಲಸಚಿವರಿಗೆ ಮನವಿ ಸಲ್ಲಿಸಬಹುದು.

ಪ್ರಶ್ನೆ: ರಾತ್ರಿ ಪ್ರಯೋಗಾಲಯದಲ್ಲಿ ಕೆಲಸ ಮಾಡಬೇಕಾದಾಗ ಮಹಿಳೆಯರನ್ನು ತಡೆಯಬಹುದೇ?
ಉತ್ತರ: ಯುಜಿಸಿ ಕಾರ್ಯಪಡೆಯ 2013ರ ‘ಸಕ್ಷಮ್’ ವರದಿಯು ಸುರಕ್ಷತೆಯ ಹೆಸರಿನಲ್ಲಿ ಮಹಿಳೆಯರ ಓಡಾಟವನ್ನು ನಿರ್ಬಂಧಿಸುವುದನ್ನು ಒಪ್ಪುವುದಿಲ್ಲ. ಬೆಳಕು, ಸಾರಿಗೆ ಮುಂತಾದ ವ್ಯವಸ್ಥೆಗಳನ್ನು ಕಲ್ಪಿಸುವಂತೆ ಅದು ಸಲಹೆ ನೀಡಿದೆ. ಸಂಜೆಯ ನಂತರದ ವಾಹನ ಹಾಗೂ ಕಾವಲು ವ್ಯವಸ್ಥೆಗಾಗಿ ವಿಭಾಗದ ಮುಖ್ಯಸ್ಥರಿಗೆ ಲಿಖಿತ ಮನವಿ ನೀಡಬಹುದು.

11. ಅರ್ಜಿದಾರರಲ್ಲಿ ಕೋರಿಕೆ

ಹೆಚ್ಚಿನ ಸಂದರ್ಭಗಳಲ್ಲಿ ವ್ಯಾಸಂಗವು ಒಂದೇ ದಿನ ನಿಂತುಹೋಗುವುದಿಲ್ಲ. ದೃಢೀಕರಣವಾಗದ ಒಂದು ಅರ್ಜಿ, ಆದೇಶವಿಲ್ಲದ ಒಂದು ರಜೆ, ಮೂರು ತಿಂಗಳು ಮೀರಿದ ಒಂದು ದೂರು, ಹೀಗೆ ಒಂದೊಂದಾಗಿ ಬಾಗಿಲುಗಳು ಮುಚ್ಚುತ್ತವೆ. ಸಂಕೋಚಪಡದೆ ಸಂಬಂಧಪಟ್ಟ ಸಿಬ್ಬಂದಿಯನ್ನು ಮೊದಲ ವಾರದಲ್ಲಿಯೇ ಕಾಣುವಂತೆ ವಿದ್ಯಾರ್ಥಿನಿಯರನ್ನು ಕೋರಲಾಗಿದೆ. ಪ್ರವೇಶ ಪಡೆದ ಕೂಡಲೇ ನೋಡಲ್ ಅಧಿಕಾರಿ, ಆಂತರಿಕ ದೂರು ಸಮಿತಿಯ ಅಧ್ಯಕ್ಷರು ಹಾಗೂ ಕುಂದುಕೊರತೆ ಪರಿಹಾರ ಸಮಿತಿಯ ಅಧ್ಯಕ್ಷರ ಹೆಸರು ಮತ್ತು ಕೊಠಡಿ ಸಂಖ್ಯೆಗಳನ್ನು ಸೂಚನಾ ಫಲಕದಿಂದ ಬರೆದಿಟ್ಟುಕೊಳ್ಳುವುದು ಒಳಿತು. ಅಗತ್ಯ ಎದುರಾದ ದಿನ ಹುಡುಕುವ ಸಮಯ ಉಳಿಯುತ್ತದೆ.

ವಿನಿಯಮಗಳು ಮತ್ತು ಯೋಜನೆಗಳು ಕಾಲಕಾಲಕ್ಕೆ ತಿದ್ದುಪಡಿಗೆ ಒಳಪಡುತ್ತವೆ. ಅರ್ಜಿ ಸಲ್ಲಿಸುವ ಮೊದಲು ಸಂಬಂಧಪಟ್ಟ ವಿಶ್ವವಿದ್ಯಾಲಯದ ಕಚೇರಿಯಲ್ಲಿ ಆ ವೇಳೆಗೆ ಜಾರಿಯಲ್ಲಿರುವ ಅಧಿಸೂಚನೆ ಮತ್ತು ಸುತ್ತೋಲೆಗಳನ್ನು ಪರಿಶೀಲಿಸಿಕೊಳ್ಳತಕ್ಕದ್ದು.